ಯಾರ ಮಾತಿದು?

ನವೆಂಬರ್ 11, ಮಂಗಳವಾರ

ಇವತ್ತು ಮೂರು ರೆಕಾರ್ಡಿಂಗ್. ಸೀರೆ ಅಂಗಡಿಯ ರಿಡಕ್ಷನ್ ಸೇಲ್. ನಾಳೆ ನೀರು ಬರುವುದಿಲ್ಲ. ತಂಬಾಕಿನ ವ್ಯಾಪಾರಿ ಬಾಳಾಸಾಬ ಅವರ ನಿಧನ. ಎಲ್ಲ ಎರಡೆರಡು ಸಲ — ಒಮ್ಮೆ ಕನ್ನಡ, ಒಮ್ಮೆ ಮರಾಠಿ. ನಿಪ್ಪಾಣಿಯಲ್ಲಿ ಸತ್ತವರೂ ಎರಡು ಭಾಷೆಯಲ್ಲಿ ಸಾಯಬೇಕು.

ಸೇಲ್‌ಗೆ ಅವಸರದ ದನಿ. ಈಗಲೇ ಓಡದಿದ್ದರೆ ನಾಳೆಯಿಂದ ಸೀರೆ ಅನ್ನುವುದೇ ಇರುವುದಿಲ್ಲ ಎನ್ನುವ ಹಾಗೆ. ನೀರಿಗೆ ಅಕ್ಕನ ದನಿ. ಬೈಸಿಕೊಳ್ಳದಂತೆ, ಮೆಲ್ಲಗೆ, ಕೊಡ ತುಂಬಿಟ್ಟುಕೊಳ್ಳಿ ಅಂತ. ಸಾವಿಗೆ ಏನೂ ಬೆರೆಸಬಾರದು. ಹೆಸರಿಗಿಂತ ಮುಂಚೆ ಒಂದು ಉಸಿರು, ಅಷ್ಟೇ. ಎಲ್ಲ ರಾಜಾರಾಮ ಕಾಕಾ ಕಲಿಸಿದ್ದು. ಕಾಕಾನ ಸ್ಟುಡಿಯೋ ಅಂದರೆ ಗೋಡೆಗೆ ಮೊಟ್ಟೆಯ ಟ್ರೇ ಬಡಿದ ಒಂದು ಖೋಲಿ, ಒಂದು ಮೈಕು, ಒಂದು ಕಂಪ್ಯೂಟರ್. ಹೊರಗೆ ಭರಮುನ ಆಟೋ, ಅದರ ತಲೆಯ ಮೇಲೆ ಎರಡು ಭೋಂಗಾ, ಅಂದರೆ ಲೌಡ್‌ಸ್ಪೀಕರ್.

"ನಕ್ಕೋತ ಓದ್ ಬಾಳ. ನಗು ಕಾಣೂದಿಲ್ಲ, ಆದ್ರ ಕೇಳಸ್ತೈತಿ" ಅನ್ನುತ್ತಾನೆ ಕಾಕಾ. ಬಾಳ ಅಂದರೆ ಮರಾಠಿಯಲ್ಲಿ ಮಗು. ನಿಜ. ಐದು ವರ್ಷದಿಂದ ಮೊಟ್ಟೆಯ ಟ್ರೇ ನೋಡಿ ನಗುತ್ತಿದ್ದೇನೆ.

ಸಂಜೆ ಫಜೀತಿ. ಭರಮು ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿಕೊಂಡಿದ್ದ. ಬಾಳಾಸಾಬರ ಓಣಿಯಲ್ಲೇ, ಅವರು ನಮ್ಮನ್ನಗಲಿದ್ದಾರೆ ಅಂತ ಮುಗಿದದ್ದೇ ತಡ, ಢಣಢಣ ಮ್ಯೂಸಿಕ್ — ಇಂದೇ ಬನ್ನಿ, ಕುಟುಂಬ ಸಮೇತ ಬನ್ನಿ! ತೀರಿಹೋದವರ ಮಗ ಆಟೋ ನಿಲ್ಲಿಸಿ ಭರಮುನ ಕೊರಳಪಟ್ಟಿ ಹಿಡಿದನಂತೆ. ಕೇಳಿ ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಒಂಥರಾ ಆಯಿತು. ಎರಡೂ ನನ್ನದೇ ದನಿ.

ನವೆಂಬರ್ 13, ಗುರುವಾರ

ಸಂತೆ. ಸ್ಟುಡಿಯೋಗೆ ಅರ್ಧ ದಿನ ರಜೆ. ಚೀಲ ಹಿಡಿದು ವಖಾರಿಯ ಅಂಗಳಕ್ಕೆ ಹೋದೆ. ತಂಬಾಕು ತುಂಬುತ್ತಿದ್ದ ಹಳೆ ಗೋದಾಮು, ಈಗ ಖಾಲಿ. ಎದುರಿನ ಅಂಗಳದಲ್ಲಿ ಎರಡು ತಲೆಮಾರಿನಿಂದ ಹೆಂಗಸರು ಕಾಯಿಪಲ್ಲೆ ಮಾರುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕಲ್ಲು, ಕೂರಲು. ಕಲ್ಲು ಇದ್ದಲ್ಲಿ ಜಾಗ. ವಾರವಿಡೀ ಅಂಗಳದಲ್ಲಿ ಬರೀ ಕಲ್ಲುಗಳು ಕೂತಿರುತ್ತವೆ, ಯಾರೂ ಮುಟ್ಟುವುದಿಲ್ಲ. ಕುಡುಕರೂ ಸಹ ಸುತ್ತು ಹಾಕಿ ಹೋಗುತ್ತಾರೆ.

ನಮ್ಮ ಓಣಿಯ ಸಾವಿತ್ರೆವ್ವ ಅಲ್ಲೇ ಮೂಲೆಯಲ್ಲಿ. ಅವಳ ಅತ್ತೆ ಕೂತು ಕೂತು ನುಣ್ಣಗಾದ ಕಲ್ಲು ಅವಳದು. ಮೆಂತ್ಯ, ರಾಜಗಿರಿ ಮಾರುತ್ತಾಳೆ.

ಪಕ್ಕದ ಗಂಗಾನ ಹತ್ತಿರ ಬದನೆಕಾಯಿಗೆ ಚೌಕಾಶಿ ಮಾಡಿದೆ. ನಾನು ಚೌಕಾಶಿ ಮಾಡಿದರೆ ಜಗಳ ಅನ್ನಿಸುತ್ತದೆ. ಅಮ್ಮಿಯ ಬಾಯಿ ನನಗೆ ಬಂದಿದೆ. ಅಷ್ಟರಲ್ಲಿ ರಸ್ತೆಯಲ್ಲಿ ಭರಮುನ ಆಟೋ, ಮತ್ತೆ ನೀರಿನ ಸುದ್ದಿ, ನನ್ನ ದನಿ.

ಗಂಗಾ ತಕ್ಕಡಿ ಕೆಳಗಿಟ್ಟಳು. "ಎಷ್ಟ್ ಬಾಯಿ ಮಾಡ್ತಿ ಬೇ! ಆ ಆಟೋದಾಗಿನ ಹೆಣ್ಮಗಳ್ನ ಕೇಳಿ ಕಲಿ. ಎಷ್ಟ್ ಛಂದ ಮಾತಾಡ್ತಾಳ."

"ಇಕೀನ ಬೇ ಆಕಿ!" ಸಾವಿತ್ರೆವ್ವ ನಕ್ಕಳು.

"ಹೋಗ್ ಬೇ, ಚ್ಯಾಷ್ಟಿ ಮಾಡಬ್ಯಾಡ" ಅಂದಳು ಗಂಗಾ. ಬದನೆಕಾಯಿಯ ರೇಟು ಮಾತ್ರ ಇಳಿಸಲಿಲ್ಲ.

ನವೆಂಬರ್ 15, ಶನಿವಾರ — ಮಧ್ಯಾಹ್ನ

ಸಿಟ್ಟು ಬಂದಿದೆ. ಬರೆದರೆ ಇಳಿಯಬಹುದು.

ಕಾಕಾ ಬೆಳಿಗ್ಗೆ ಹೊಸ ಕಾಗದ ಕೊಟ್ಟ. "ಮಾತೆಯರೇ, ಸಹೋದರಿಯರೇ, ನಿಮ್ಮ ಅನುಕೂಲಕ್ಕಾಗಿ ವಖಾರಿ ಅಂಗಳದ ಸಂತೆ ಮುಂದಿನ ಗುರುವಾರದಿಂದ ಹೈವೇ ಆಚೆಯ ಹೊಸ ಜಾಗದಲ್ಲಿ. ನೆರಳು, ನೀರು, ಎಲ್ಲ ಇದೆ. ದಯವಿಟ್ಟು ನಿಮ್ಮ ನಿಮ್ಮ ಕಲ್ಲುಗಳನ್ನು ತೆಗೆದುಕೊಂಡು ಬನ್ನಿ." ಹಾಡಿನಂತೆ ಇದೆ. ಓದಿದರೆ ನನಗೇ ಹೋಗಬೇಕು ಅನ್ನಿಸಿತು.

"ಇದು ಯಾರ ಮಾತು ಕಾಕಾ? ಹೆಸ್ರ ಇಲ್ಲಲ್ಲ."

"ಹೆಸ್ರ ಯಾಕ ಬಾಳ? ನಿನ್ನ ದನಿ ಐತಿ. ಜನಕ್ಕ ಅಷ್ಟ ಸಾಕು."

ಆಮೇಲೆ ಚಹಾ ತರಿಸಿದ. ಜೊತೆಗೆ ಬಟರ್ ಬಿಸ್ಕೀಟು. ಅಮ್ಮಿಯ ಮಂಡಿನೋವು ಹೇಗಿದೆ ಅಂತ ಕೇಳಿದ. ಕಾಕಾ ಯಾವತ್ತೂ ದನಿ ಏರಿಸುವುದಿಲ್ಲ. ದಾರಿ ತೋರಿಸಿದಂತೆ ಮಾತಾಡುತ್ತಾನೆ, ಕೊನೆಗೆ ನೋಡಿದರೆ ಅವನು ಹೇಳಿದ ಜಾಗದಲ್ಲಿ ನಿಂತಿರುತ್ತೇವೆ. ಮಾತಿನ ನಡುವೆ ವಿಷಯ ಹೊರಬಿತ್ತು. ಅಂಗಳವನ್ನು ಯಾರೋ ಕೊಂಡಿದ್ದಾರೆ, ಕಾಂಪ್ಲೆಕ್ಸ್ ಕಟ್ಟಬೇಕು.

"ಆ ಹೆಣ್ಮಕ್ಕಳ್ನ ಎಬ್ಬಿಸಾಕ ಬರೂದಿಲ್ಲ ಬಾಳ. ಎರಡ್ ತಲಿಮಾರ್ ಕುಂತಾರ, ಕೋರ್ಟಿಗೆ ಹೋದ್ರ ವರ್ಷಗಟ್ಲೆ ಆಗ್ತೈತಿ. ಕಲ್ಲ ಮುಟ್ಟಿದ್ರ ಹೊಡದಾಟ. ತಾವಾಗೇ ಎದ್ದ್ ಹೋಗ್ಬೇಕು. ಅದಕ್ಕ ಪ್ರೀತಿಲೆ ಹೇಳೂದು."

ಪ್ರೀತಿಲೆ!

ನನ್ನ ಅಜ್ಜ ದಸ್ತಗೀರ ನೆನಪಾದ. ತೆಲಸಂಗದಲ್ಲಿ ದವಂಡಿ ಸಾರುತ್ತಿದ್ದ. ಡಬ್ಬಿ ಬಾರಿಸಿ ಓಣಿ ಓಣಿಗೆ ಸುದ್ದಿ ಹೇಳುವುದು. ಅವನ ಮೊದಲ ಮಾತೇ, ಇದು ಯಾರ ಮಾತು ಅನ್ನುವುದು. ಇದು ಗೌಡ್ರ ಮಾತು, ಇದು ಸಾಲಿ ಮಾಸ್ತರ ಮಾತು. ಹೇಳಿದ ಮೇಲೆ ಓಡುವಂತಿಲ್ಲ. ನಿಲ್ಲಬೇಕು. ಕಟ್ಟೆಯ ಮೇಲಿದ್ದವರು ಏನಾದರೂ ಕೇಳಿದರೆ ಉತ್ತರ ಕೊಡಬೇಕು, ಗೊತ್ತಿಲ್ಲದಿದ್ದರೆ ಕೇಳಿಕೊಂಡು ಬಂದು ಹೇಳಬೇಕು. ಯಾರ ಮಾತೆಂದು ಹೇಳದ ದವಂಡಿಗೆ ಊರು ಕಿವಿ ಕೊಡುತ್ತಿರಲಿಲ್ಲ.

ಹೇಳಿದೆ. "ಯಾರ ಮಾತು ಅಂತ ಹಾಕ್ರಿ, ಓದ್ತೀನಿ. ಇಲ್ಲಂದ್ರ ಓದೂದಿಲ್ಲ."

ಕಾಕಾ ನಕ್ಕ. "ನಾಳೆ ಮಾತಾಡೂಣು. ಚಹಾ ಕುಡಿ."

ಚಹಾ ಕುಡಿಯಲಿಲ್ಲ. ಎದ್ದು ಬಂದೆ. ಕೆಲಸ ಹೋಯಿತು ಅಂತ ಓಣಿಯ ತಿರುವಿನಲ್ಲಿ ಹೊಳೆಯಿತು. ಆದರೂ ತಿರುಗಿ ಹೋಗಲಿಲ್ಲ.

ನವೆಂಬರ್ 16, ಭಾನುವಾರ

ಕಾಕಾನ ಫೋನ್ ಮೇಲೆ ಫೋನ್. ಎತ್ತಲಿಲ್ಲ. ಅಮ್ಮಿಗೆ ಮಾಡಿದ. ಅಮ್ಮಿ ಬೀಡಿ ಸುತ್ತುತ್ತಾ ಫೋನನ್ನು ಹೆಗಲಿಗೆ ಒತ್ತಿ ಹಿಡಿದು ಹ್ಞೂಂ ಹ್ಞೂಂ ಅಂದಳು.

ಇಟ್ಟ ಮೇಲೆ ಶುರು. "ಓದಿ ಬಿಡು ಬೇಟಿ. ದನಿ ಏನ್ ಸವದ್ ಹೋಗ್ತೈತೇನ? ಎಷ್ಟ್ ಛಂದ ಮಾತಾಡ್ತಾನ ಆ ಮನಿಶ್ಯಾ. ನನ್ನ ಮಂಡಿ ಕೇಳ್ದ."

"ನಂಗೂ ಕೇಳ್ದ ಅಮ್ಮಿ, ನಿನ್ನ ಮಂಡಿ."

ಅಮ್ಮಿ ಸುತ್ತುವುದನ್ನು ನಿಲ್ಲಿಸಿದಳು. ನಾಳೆ ರಾಯಬಾಗಕ್ಕೆ, ಸೋದರತ್ತೆ ಫೂಫಿಯ ಮನೆಗೆ. ನಾಲ್ಕು ದಿನ ಇಲ್ಲಿಂದ ದೂರ ಇದ್ದರೆ ಸಾಕು. ಓದುವವಳೇ ಇಲ್ಲದಿದ್ದರೆ ಕಾಕಾ ಏನು ಮಾಡುತ್ತಾನೆ.

ನವೆಂಬರ್ 20, ಗುರುವಾರ — ಸಂಜೆ

ಏನು ಮಾಡಿದ ಅಂತ ಈಗ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಚೀಲ ಹೆಗಲಿಗೆ ಹಾಕುತ್ತಿದ್ದೆ. ಹಿಂದಿನಿಂದ ನಾನೇ ಮಾತಾಡಿದೆ. "ಮಾತೆಯರೇ, ಸಹೋದರಿಯರೇ..."

ತಿರುಗಿ ನೋಡಿದೆ. ಆಟೋ, ಭೋಂಗಾ. ಒಳಗೆ ಭರಮು ಅಲ್ಲ, ಯಾರೋ ಹೊಸಬ. ನನ್ನ ದನಿ, ನನ್ನ ನಗು, ಸಾವಿನ ಸುದ್ದಿಯಲ್ಲಿ ಹೆಸರಿಗಿಂತ ಮುಂಚೆ ನಾನು ಎಳೆಯುವ ಆ ಉಸಿರು ಕೂಡ. ಒಮ್ಮೆಯೂ ಓದದ ಮಾತು ಬಾಯಿಂದ ಹೊರಗೆ ಬಂದಂತೆ... ಬಾಯಿಗೆ ಕೈ ಅಡ್ಡ ಹಿಡಿದೆ. ಹುಚ್ಚಿಯಂತೆ. ಮುಚ್ಚಿದ ಬಾಯಿ ಇಲ್ಲಿ, ದನಿ ಅಲ್ಲಿ ಹೋಗುತ್ತಿದೆ.

ಸಾವಿತ್ರೆವ್ವನ ಮನೆಗೆ ಓಡಿದೆ. ಕಲ್ಲು ಅವಳ ಹೊಸ್ತಿಲ ಪಕ್ಕ ಇತ್ತು. ಅಂಗಳದಲ್ಲಿ ಎಷ್ಟು ನುಣ್ಣಗೆ, ಎಷ್ಟು ದೊಡ್ಡದಾಗಿ ಕಾಣುತ್ತಿತ್ತು. ಇಲ್ಲಿ ಬರೀ ಕಲ್ಲು. ಬುಟ್ಟಿಯಲ್ಲಿ ಮೆಂತ್ಯ ಬಾಡಿ ಮಲಗಿತ್ತು.

"ಬಾರವ್ವಾ" ಅಂದಳು. "ಮುಂಜಾನೆ ಹೊಸ ಜಾಗಾಕ ಹೋಗಿದ್ವಿ, ಒಂದ್ ಅರ್ಧ ಮಂದಿ. ಗಿರಾಕಿ ಬರ್ಲಿಲ್ಲ. ಮುಂದಿನ ವಾರ ಬರ್ತಾರ ಬಿಡು. ನೀ ಹೇಳ್ದ ಮ್ಯಾಲ ಸುಳ್ಳ ಇರೂದಿಲ್ಲ. ನೀ ಹೇಳ್ದಿ ಅಂತನ ಎಲ್ಲಾರ್ಗಿಂತ ಮೊದ್ಲ ನಾ ಕಲ್ಲ ಎತ್ತೀನಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಅದು ನಾ ಅಲ್ಲ ಸಾವಿತ್ರೆವ್ವಾ. ಮಶೀನ್. ಕಂಪ್ಯೂಟರಿಗೆ ನನ್ನ ಹಳೇ ರೆಕಾರ್ಡಿಂಗ್ ಹಾಕ್ಯಾರ, ಅದು ನನ್ನಂಗ ಮಾತಾಡ್ತೈತಿ."

ನನ್ನ ಮುಖ ನೋಡಿದಳು. "ನಿನ್ನ ದನಿ ನಂಗ ಗೊತ್ತಿಲ್ಲೇನ?" ಅಂದಳು. ಬಾಗಿಲು ಹಾಕಲಿಲ್ಲ. ಆದರೆ ಒಳಗೆ ಕರೆಯಲೂ ಇಲ್ಲ.

ವಖಾರಿಗೆ ಹೋಗಿ ನೋಡಿದೆ. ಕಲ್ಲು ಎದ್ದ ಭಾಗಕ್ಕೆ ತಂತಿಬೇಲಿ ಬಂದಾಗಿದೆ. ಸಾವಿತ್ರೆವ್ವನ ಮೂಲೆ ಬೇಲಿಯ ಒಳಗೆ. ಉಳಿದ ಅರ್ಧದಲ್ಲಿ ಗಂಗಾ ಮತ್ತೆ ಒಂದಿಷ್ಟು ಜನರ ಕಲ್ಲುಗಳು ಇನ್ನೂ ಕೂತಿವೆ. ಮುಂದಿನ ಗುರುವಾರ ಅವರೂ ಎದ್ದರೆ ಮುಗಿಯಿತು, ಗೋಡೆ ಏಳುತ್ತದೆ.

ನವೆಂಬರ್ 21, ಶುಕ್ರವಾರ

ಸ್ಟುಡಿಯೋಗೆ ನುಗ್ಗಿದೆ. ಕಾಕಾ ಅಗರಬತ್ತಿ ಹಚ್ಚುತ್ತಿದ್ದ.

"ನನ್ನ ದನಿ ಕದ್ದೀರಿ."

"ಕುಂದ್ರ ಬಾಳ."

"ಕುಂದ್ರೂದಿಲ್ಲ! ತಗೀರಿ ಅದನ್ನ. ಇವತ್ತ ತಗೀರಿ. ನಾ ಓದೂದಿಲ್ಲ ಅಂದಿದ್ನಿ, ಅಂದಿದ್ನೋ ಇಲ್ಲೋ? ನಿಮ್ಗ ಕಿವಿ ಇಲ್ಲೇನ?"

ಕಿರುಚಿದೆ. ಹೊರಗೆ ಪಾನ್ ಅಂಗಡಿಯವನು ಬಂದು ನಿಂತ. ಕಾಕಾ ಕಾದ. ನನ್ನ ಉಸಿರು ಮುಗಿಯುವ ತನಕ, ತಲೆ ಒಂದಿಷ್ಟು ವಾಲಿಸಿಕೊಂಡು. ಆಮೇಲೆ, ಕೂಸಿಗೆ ಔಷಧ ಕುಡಿಸುವವನ ಹಾಗೆ —

"ಕೇಳಸ್ಕೋ ಬಾಳ, ಈಗ ಮಾತಾಡಿದ್ಯಲ್ಲ, ಇದು ನಿನ್ನ ದನಿ. ಇದನ್ನ ಯಾರೂ ಕದ್ದಿಲ್ಲ, ಯಾರಿಗೂ ಬ್ಯಾಡ. ಆ ಮೆತ್ತಗಿನ ದನಿ ಐತಲ್ಲ, ಅದು ನಮ್ಮ ಸ್ಟುಡಿಯೋದ್ದು. ಎಲ್ಲಿ ನಿಂದರ್ಬೇಕು, ಎಲ್ಲಿ ನಗಬೇಕು, ನಾ ಕಲಿಸಿದ್ದು. ನೀ ಬರೂ ಮುಂಚೆ ಆ ದನಿ ನಿನ್ ಕಡೆ ಇತ್ತೇನ?"

ಬಾಗಿಲು ದಡಾರನೆ ಎಳೆದುಕೊಂಡು ಬಂದೆ. ಅದೇ ಸಿಟ್ಟು. ಈಗ, ಮನೆಗೆ ಬಂದು ಅನ್ನ ಬಡಿಸಿಕೊಂಡು ಕೂತಾಗ, ಹತ್ತು ಉತ್ತರ ಹೊಳೆಯುತ್ತಿವೆ. ಉಸಿರು ಯಾರದು? ಗಂಟಲು ಯಾರದು? ಜ್ವರ ಬಂದಾಗಲೂ ಬಂದು ಸಾವಿನ ಸುದ್ದಿ ಓದಿದವಳು ಯಾರು? ಕಳೆದ ವರ್ಷ ಯಡೂರಿನ ದಾರಿಯಲ್ಲಿ ತಪ್ಪಿಸಿಕೊಂಡ ಕೂಸಿನ ಸುದ್ದಿ ಓದುವಾಗ ಅಳು ಬಂದಿತ್ತು. ಆ ಅಳುವನ್ನು ಅವನು ಕಲಿಸಿದ್ದನೇ? ತಟ್ಟೆ ತಳ್ಳಿದೆ.

ಸ್ಟೇಷನ್ನಿಗೂ ಹೋಗಿ ಬಂದೆ. ಅರ್ಜಿ ತಗೊಂಡರು. ವಿಚಾರಣೆ ಆಗಲು ಟೈಮ್ ಬೇಕಂತೆ. ಗುರುವಾರ ಕಾಯುವುದಿಲ್ಲ.

ನವೆಂಬರ್ 22, ಶನಿವಾರ

ಮನೆ ಮನೆಗೆ ಹೋದೆ. ಗಂಗಾನ ಮನೆಗೂ.

"ಆಟೋದಾಗಿನ ದನಿ ನಂದು. ಆದ್ರ ಆ ಮಾತು ನಂದಲ್ಲ. ಕಲ್ಲ ಎತ್ತಬ್ಯಾಡ್ರಿ."

ಗಂಗಾ ಎಮ್ಮೆಗೆ ಮೇವು ಹಾಕುತ್ತಿದ್ದಳು. "ನೀ ಬದನಿಕಾಯಾಕಿ ಅಲ್ಲೇನ? ಆ ಹೆಣ್ಮಗಳ ದನಿ ಬೆಲ್ಲದಂಗ ಐತಿ. ನೀ ನೋಡಿದ್ರ ಹರಕೊಂಡ ತಿನ್ನಾಕ ಬಂದಂಗ ಮಾತಾಡ್ತಿ."

ಹಾಗಾದರೆ ಕೇಳು ಅಂತ ಅಲ್ಲೇ, ಸಗಣಿಯ ನಡುವೆ ನಿಂತು, ನಕ್ಕು, ಉಸಿರೆಳೆದು ಓದಿದೆ — ನಾಗರಿಕರ ಗಮನಕ್ಕೆ, ನಾಳೆ ನೀರು ಬರುವುದಿಲ್ಲ. ಗಂಗಾನ ಸೊಸೆ ಚಪ್ಪಾಳೆ ಹೊಡೆದಳು. "ಅಯ್ಯ, ಸೇಮ್ ಟು ಸೇಮ್ ಮಿಮಿಕ್ರಿ ಮಾಡ್ತಾಳ ನೋಡ್ರಿ ಅತ್ತಿ!"

ನನ್ನ ದನಿಯಲ್ಲಿ ಹೇಳಿದರೆ ನಾನಲ್ಲ. ಆ ದನಿಯಲ್ಲಿ ಹೇಳಿದರೆ ಮಿಮಿಕ್ರಿ. ನಗಲೋ ಅಳಲೋ. ಬರುವಾಗ ದಾರಿಯಲ್ಲಿ ಮತ್ತೆ ಆ ಆಟೋ. ಚಪ್ಪಲಿ ಎತ್ತಿ ಎಸೆದೆ. ಭೋಂಗಾಕ್ಕೆ ತಾಗಲಿಲ್ಲ.

ನವೆಂಬರ್ 25, ಮಂಗಳವಾರ

ಭಾನುವಾರ ಭರಮು ಬಂದಿದ್ದ. ಕಾಕಾನ ಕೆಲಸ ಬಿಟ್ಟನಂತೆ. ನಾನು ಕೇಳದಿದ್ದರೂ ಕಾರಣ ಹೇಳಿದ. "ಸತ್ತಾವ್ರ ಓಣ್ಯಾಗ ಸೇಲ್ ಹಚ್ಚಿ ಒದಿಸ್ಕೊಂಡ್ನಿ. ಅದು ತಪ್ಪಿಲೆ ಆಗಿದ್ದು. ಇದು ಬೇಕಂತ ಮಾಡೂದು. ನಂಗ ಆಗೂದಿಲ್ಲ ತಂಗಿ." ಆಟೋ ಅವನ ಸ್ವಂತದ್ದು. ಭೋಂಗಾವೂ. ಗುರುವಾರ ನಸುಕಿಗೇ ಬರುತ್ತಾನೆ.

"ರೆಕಾರ್ಡ್ ಮಾಡಿ ಕೊಡು, ಹಚ್ಕೊಂಡ್ ತಿರಗ್ತೀನಿ."

"ರೆಕಾರ್ಡಿಂಗ್ ಬ್ಯಾಡ. ಮೈಕ್ ಹಚ್ಚು. ನಾನೂ ಬರ್ತೀನಿ."

ಅಮ್ಮಿ ಬೀಡಿ ಎಲೆ ಕತ್ತರಿಸುತ್ತಾ ಹೇಳಿದಳು, "ಅಲ್ಲಾದ್ರೂ ಮೆತ್ತಗ ಮಾತಾಡು. ಜನಕ್ಕ ಅದ ರೂಢಿ ಆಗೇತಿ."

ಎರಡು ದಿನ ಇದೇ ಯೋಚನೆ. ಆ ದನಿಯಲ್ಲಿ ಹೇಳಿದರೆ ಬಹುಶಃ ನಂಬುತ್ತಾರೆ. ಐದು ವರ್ಷ ನಂಬಿದ್ದಾರೆ. ಬರೆದೂ ನೋಡಿದೆ — ಮಾತೆಯರೇ, ಸಹೋದರಿಯರೇ... ಕನ್ನಡಿ ಮುಂದೆ ನಿಂತು ನಕ್ಕೆ. ಕಾಕಾ ಪಕ್ಕದಲ್ಲಿ ನಿಂತು ಭೇಷ್ ಬಾಳ ಅಂದಂತೆ ಆಯಿತು. ಹಾಳೆ ಹರಿದು ಒಲೆಗೆ ಹಾಕಿದೆ.

ಇಲ್ಲ. ಸಿಹಿ ದನಿಗೆ ಅವರು ಎದ್ದರು. ಇನ್ನೊಂದು ಸಿಹಿ ದನಿಗೆ ಕೂತರೆ ಏನು ಬಂತು? ಮೂರನೆಯದಕ್ಕೆ ಮತ್ತೆ ಏಳುತ್ತಾರೆ. ಅಜ್ಜನ ದನಿ ಏನು ಬೆಲ್ಲವಾಗಿತ್ತೇ? ಒಡೆದ ಡಬ್ಬಿಗೂ ಅದಕ್ಕೂ ವ್ಯತ್ಯಾಸವೇ ಇರಲಿಲ್ಲ. ಆದರೂ ಊರು ನಿಂತು ಕೇಳುತ್ತಿತ್ತು.

"ಅಮ್ಮಿ, ನಿನ್ನ ಬಾಯಿ ತಗೊಂಡ ಹೋಗ್ತೀನಿ" ಅಂದೆ. ಅಮ್ಮಿ ಕತ್ತರಿ ತೋರಿಸಿ ಹೆದರಿಸಿದಳು. ನಗುತ್ತಿದ್ದಳು.

ನವೆಂಬರ್ 27, ಗುರುವಾರ — ಬೆಳಿಗ್ಗೆ, ಆಟೋದಲ್ಲಿ

ತೊಡೆಯ ಮೇಲೆ ಡೈರಿ. ಆಟೋ ಇನ್ನೂ ಅಂಗಳದಲ್ಲೇ ಇದೆ. ಭರಮು ಚಹಾಕ್ಕೆ ಇಳಿದಿದ್ದಾನೆ. ಈಗಲೇ ಬರೆಯದಿದ್ದರೆ ಆಮೇಲೆ ನಾನೇ ನಂಬುವುದಿಲ್ಲ.

ವಖಾರಿ ಅಂಗಳದ ಬಾಯಲ್ಲೇ ಆಟೋ ನಿಲ್ಲಿಸಿದೆವು. ಹೆಂಗಸರು ಬುಟ್ಟಿ ಇಳಿಸಿ ನಿಂತಿದ್ದರು, ಕೂರಲೋ ಹೋಗಲೋ ಅನ್ನುವ ಹಾಗೆ. ಗಂಗಾ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ನಿಂತಿದ್ದಳು. ಹಿಂದಿನ ವಾರ ಹೋದವರೂ ಬಂದಿದ್ದರು, ಬೇಲಿ ನೋಡಲು.

ಮೈಕ್ ಹಿಡಿದೆ. ನಗಲಿಲ್ಲ. "ಕೇಳ್ರವ್ವಾ! ಕಲ್ಲ ಎತ್ತಬ್ಯಾಡ್ರಿ! ನಿಮ್ಮನ್ನ ಎಬ್ಬಿಸಾಕ ಯಾರಿಗೂ ಬರೂದಿಲ್ಲ, ಅದಕ್ಕ ನೀವಾಗೇ ಏಳ್ಲಿ ಅಂತ ಬೆಣ್ಣಿ ಹಚ್ಚಾಕತ್ತಾರ!"

ಕಿರ್ ಅಂತ ಮೈಕು ಕೂಗಿಕೊಂಡಿತು. ಎಲ್ಲರೂ ತಿರುಗಿದರು. ಗಂಗಾ ಸೊಂಟದ ಮೇಲೆ ಕೈ ಇಟ್ಟು ಮುಂದೆ ಬಂದಳು.

"ಯಾರ ಮಾತಬೇ ಇದು?"

ಅಜ್ಜನನ್ನು ಕೇಳುತ್ತಿದ್ದದ್ದೂ ಇದನ್ನೇ.

"ನಂದು! ರುಕ್ಸಾರ. ಬೀಡಿ ಸುತ್ತೂ ಜುಬೇದಾನ ಮಗಳು, ತೆಲಸಂಗದ ದವಂಡಿ ದಸ್ತಗೀರನ ಮೊಮ್ಮಗಳು. ಸಾವಿತ್ರೆವ್ವನ ಓಣ್ಯಾಗ ಮನಿ ಐತಿ. ಸುಳ್ಳಾದ್ರ ಬಂದ್ ಬಾಗಲಾ ಬಡೀರಿ. ಏನ್ ಕೇಳ್ತೀರಿ ಕೇಳ್ರಿ, ಇಲ್ಲೇ ನಿಂತೀನಿ."

ಕೇಳಿದರು. ಅಬ್ಬಾ, ಏನು ಕೇಳಿದರು! ಅಂಗಳ ಯಾರು ಕೊಂಡಿದ್ದು, ನಿಂಗ ಯಾರ್ ಹೇಳಿದ್ರು, ಇಷ್ಟು ದಿನ ಎಲ್ಲಿದ್ದಿ, ಹೊಸ ಜಾಗದಾಗ ನೀರ್ ಯಾಕಿಲ್ಲ. ಗೊತ್ತಿದ್ದದ್ದು ಹೇಳಿದೆ. ಕೊಂಡವರ ಹೆಸರು ಗೊತ್ತಿಲ್ಲ, ರಾಜಾರಾಮ ಕಾಕಾಗೆ ಗೊತ್ತು, ಕೇಳಿಕೊಂಡು ಬಂದು ಹೇಳುತ್ತೇನೆ ಅಂದೆ. ಒಬ್ಬಳು ಬೈದಳು. ನಾನೂ ಬೈದೆ. ಜಗಳದಂತೆಯೇ ಇತ್ತು. ಆದರೆ ಯಾರೂ ಹೋಗಲಿಲ್ಲ.

ಅಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಆಟೋ. ಮಾತೆಯರೇ, ಸಹೋದರಿಯರೇ... ನಗುತ್ತಾ ಬಂತು, ನನ್ನ ದನಿ. ಎಷ್ಟು ಛಂದ ಇತ್ತು!

ಗಂಗಾ ರಸ್ತೆಗೆ ಇಳಿದು ಅಡ್ಡ ನಿಂತಳು. "ಯಾರ ಮಾತವಾ ಇದು?"

ನಿಮ್ಮ ಅನುಕೂಲಕ್ಕಾಗಿ, ಅಂದಿತು ಭೋಂಗಾ.

"ಯಾರ ಮಾತಂತ ಕೇಳಾಕತ್ತೀನಿ!"

ನೆರಳು, ನೀರು, ಎಲ್ಲ ಇದೆ, ಅಂದಿತು.

"ಏ, ಹೇಳ್ ಬೇ!" ಈಗ ನಾಲ್ಕು ಜನ, ಹತ್ತು ಜನ. ಅದು ನಗುತ್ತಲೇ ಇತ್ತು. ಯಾರೋ ಬಾಡಿದ ಎಲೆಕೋಸು ಎಸೆದರು. ಡ್ರೈವರ್ ರಿವರ್ಸ್ ಹಾಕಿದ. ದಯವಿಟ್ಟು, ದಯವಿಟ್ಟು ಅನ್ನುತ್ತಾ ಹಿಂದೆ ಹಿಂದೆ ಹೋಯಿತು.

ತಿರುಗಿ ನೋಡಿದರೆ, ನನ್ನ ಕೂಗು ಓಣಿಯವರೆಗೆ ಕೇಳಿತ್ತೋ ಏನೋ, ಸಾವಿತ್ರೆವ್ವ ಬರುತ್ತಿದ್ದಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಕಲ್ಲು. ಮುಖ ಕೆಂಪಾಗಿತ್ತು. ಬೇಲಿಯ ತಂತಿಯನ್ನು ಇಬ್ಬರು ಎತ್ತಿ ಹಿಡಿದರು. ಬಗ್ಗಿ ಒಳಗೆ ಹೋಗಿ ಹಳೆ ಗುರುತಿನ ಮೇಲೇ ಇಳಿಸಿದಳು. ಕೂತಳು. ಮೆಂತ್ಯದ ಸಿವುಡು ಬಿಚ್ಚಿದಳು. ನನ್ನ ಕಡೆ ನೋಡಿ, "ಎಷ್ಟ್ ಒದರ್ತಿ ಬೇ, ಕಿವಿ ಹೋದುವು" ಅಂದಳು.

ಒಂದಿಷ್ಟು ಅಳು ಬಂತು.

ಭರಮು ಬಂದ. ಕಾಕಾನ ಫೋನ್ ಬರುತ್ತಿದೆ. ಬೆಳಿಗ್ಗೆಯಿಂದ ಬಿಡದೆ ಬರುತ್ತಿದೆ. ಬಾಳ ಅನ್ನುತ್ತಾನೆ, ಅಮ್ಮಿಯ ಮಂಡಿ ಕೇಳುತ್ತಾನೆ. ಮೆತ್ತಗೆ. ಆಮೇಲೆ, ಅಂಗಳ ಕೊಂಡವರಿಗೆ ಬೇಸರ ಆಗಿದೆ ಅಂತ ಅವರ ಹೆಸರು ಹೇಳಿಯೇ ಹೇಳುತ್ತಾನೆ.

ಕೇಳಿಕೊಂಡು ಬಂದು ಹೇಳುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಫೋನ್ ಸ್ಪೀಕರಿಗೆ ಹಾಕಿದೆ. ಮೈಕು ಇನ್ನೂ ಆನ್ ಇದೆ. ಭರಮು ಕಣ್ಣರಳಿಸಿ ನನ್ನನ್ನೇ ನೋಡುತ್ತಿದ್ದಾನೆ. ಗಂಗಾ ತಕ್ಕಡಿ ಕೆಳಗಿಟ್ಟಳು. ಹಲೋ ಕಾಕಾ, ಹೇಳ್ರಿ, ಎಲ್ಲಾರೂ ಕೇಳಾಕತ್ತಾರ.